ನೀಲಿ ಪುಸ್ತಕದ ಬಾಲ

ಅವರ ಎರಡೂ ಹೆಬ್ಬೆರಳಿನ ಉಗುರುಗಳು ನೀಲಿಗೆ ತಿರುಗಿದ್ದವು. ಮೈದಾ ಹಿಟ್ಟಿನ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸಿ, ಅದನ್ನು ಬ್ರಷ್ಷಿನಲ್ಲಿ ಹಚ್ಚದೆ ಬೆರಳಿನಲ್ಲೇ ಹಚ್ಚುತ್ತಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಆ ಬಣ್ಣ ಹೋಗುವುದಿಲ್ಲವೆಂದು ಅವರ ಹೆಂಡತಿ ಬೀದಿ ನಲ್ಲಿಯ ಹತ್ತಿರ ನಮ್ಮಮ್ಮನ ಮುಂದೆ ಗೊಣಗುತ್ತಿದ್ದರು. ಎದುರಿಗೆ ನಾವು ಅವರನ್ನು ಸಾರ್ ಎನ್ನುತ್ತಿದ್ದೆವು. ಹಿಂದಿನಿಂದ ಅಂಟು ಸಾರ್. ಆ ನೀಲಿ ಉಗುರಿನ ಬೆರಳು ಮೇಜಿನ ಡ್ರಾಯರಿನ ಹಿಡಿಗೆ ಹೋಗುತ್ತದೋ ಇಲ್ಲವೋ ಎಂದು ಕಣ್ಣು ಕೀಲಿಸಿಕೊಂಡು ಕೂತ ಶನಿವಾರಗಳನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಅವರ ಬಗ್ಗೆ ಬರೆಯಲು ಕೂತರೆ ಮೊದಲು ಬರುವುದು ಸಿಟ್ಟೇ. ಅದನ್ನು ಬಿಟ್ಟು ಬರೆದರೆ ಸುಳ್ಳಾದೀತು.

ರಾಜಾಜಿನಗರ ಆಗಿನ್ನೂ ಕಟ್ಟುತ್ತಿದ್ದ ಕಾಲ. ಒಂದು ಮನೆ ಎದ್ದಿದ್ದರೆ ಪಕ್ಕದ ನಾಲ್ಕು ಸೈಟುಗಳಲ್ಲಿ ಬರೀ ಕಲ್ಲು ನೆಟ್ಟಿರುತ್ತಿದ್ದರು. ನಮ್ಮದು ಕುರುಬರಹಳ್ಳಿಯ ಹಳೆಯ ಮನೆತನ. ಹೊಲ ಬಡಾವಣೆಗೆ ಹೋದ ಮೇಲೆ ಅಪ್ಪ ಬಟ್ಟೆ ಮಿಲ್ಲಿಗೆ ಸೇರಿ ಮೇಸ್ತ್ರಿಯಾಗಿದ್ದರು. ಬಡಾವಣೆಯ ಯುವಕ ಸಂಘದವರು ಒಂದು ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದು ವಾಚನಾಲಯ ಮಾಡಿದ್ದರು. ಎರಡು ಬೀರು, ಒಂದು ಮೇಜು, ಪೇಪರ್ ಓದುವವರಿಗೆ ಜಗಲಿಯ ಮೇಲೆ ಒಂದು ಬೆಂಚು. ಪೇಟೆಯ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಮಾಡಿ ಮಾಡಿ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದ ಇವರನ್ನು ತಂದು ಅಲ್ಲಿ ಕೂರಿಸಿದರು. ಯಾರ್ಯಾರೋ ದಾನ ಕೊಟ್ಟ ಕಿತ್ತುಹೋದ ಪುಸ್ತಕಗಳನ್ನೆಲ್ಲ ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿ ನಿಲ್ಲಿಸಿದವರು ಅವರೇ. ಭಾನುವಾರ ಬೆಳಿಗ್ಗೆ ನಮ್ಮನ್ನೂ ಕೂರಿಸಿಕೊಂಡು ದಾರಕ್ಕೆ ಮೇಣ ಸವರುವುದು, ಹಾಳೆ ಹೊಲಿಯುವುದು, ರಟ್ಟು ಕತ್ತರಿಸುವುದು ಕಲಿಸಿದರು. ಅಲ್ಲಿಯವರೆಗೆ ಅವರ ಮೇಲೆ ನನ್ನದೇನೂ ದೂರಿಲ್ಲ.

ದೂರು ಪುಸ್ತಕ ಕೇಳಿದಾಗ ಶುರುವಾಗುತ್ತಿತ್ತು. ಹೈಸ್ಕೂಲು ಓದುವ ಹುಡುಗ ಹುಡುಗಿಯರು ತಾವೇ ಬೀರು ಮುಟ್ಟುವಂತಿರಲಿಲ್ಲ. "ಏನು ಓದಲಿ ಸಾರ್?" ಎಂದು ಕೇಳಬೇಕು. ಒಂದು ಒಳ್ಳೆಯ ಕಾದಂಬರಿ ಎತ್ತಿ ಕೊಟ್ಟರೆ ಇವರ ಗಂಟೇನು ಹೋಗುತ್ತಿತ್ತು? ಅದಿಲ್ಲ. "ಈ ವಾರ ಯಾರ್ ಜೊತೆ ಜಗಳ ಆಡ್ದೆ?" ಎನ್ನುತ್ತಿದ್ದರು. ಉತ್ತರ ಕೇಳಿ ಪುಸ್ತಕ ತೆಗೆಯುತ್ತಿದ್ದರು. ನಲ್ಲಿಯ ಹತ್ತಿರ ಬಿಂದಿಗೆ ಸಾಲಿಗಾಗಿ ಪಕ್ಕದ ಮನೆಯವಳ ಜೊತೆ ಆಡಿದೆ ಎಂದದ್ದಕ್ಕೆ ನನಗೆ ಅಣೆಕಟ್ಟು ಕಟ್ಟುವುದು ಹೇಗೆ ಎಂಬ ದಪ್ಪ ಪುಸ್ತಕ ಕೊಟ್ಟರು. ತಮ್ಮನ ಜೊತೆ ಎಂದದ್ದಕ್ಕೆ ಇರುವೆಗಳ ಮೇಲೊಂದು. ಮುಂದಿನ ಸಲ ಜಾಣತನ ಮಾಡಿ ಯಾರ ಜೊತೆಯೂ ಆಡಿಲ್ಲ ಸಾರ್ ಎಂದೆ. ಹಾಗಾದರೆ ಪುಸ್ತಕ ಬೇಕಾಗಿಲ್ಲ, ಹೋಗಿ ಬಾ ಎಂದು ಬರಿಗೈಯಲ್ಲಿ ಕಳಿಸಿದರು. ಬೇರೆ ಹುಡುಗಿಯರು ಅಮ್ಮನ ಜೊತೆ ಜಗಳ ಎಂದು ಬೇಕಂತಲೇ ಹೇಳಿ ಕಾದಂಬರಿ ಗಿಟ್ಟಿಸಿಕೊಳ್ಳುತ್ತಿದ್ದರು. ನನಗೆ ಆ ಗುಟ್ಟು ತಿಳಿಯಲು ಎಷ್ಟೋ ತಿಂಗಳು ಬೇಕಾಯಿತು.

ಕಾದಂಬರಿ ಸಿಕ್ಕಿದರೂ ಮುಗಿಯಿತೇ? ಅದಕ್ಕೆ ಬಾಲ ಇರುತ್ತಿರಲಿಲ್ಲ. ಇದು ಅವರ ದೊಡ್ಡ ಕಿತಾಪತಿ. ಕಥೆ ಪುಸ್ತಕಗಳಿಗೆ ಮರುಬೈಂಡು ಮಾಡುವಾಗ ಕೊನೆಯ ಅಧ್ಯಾಯವನ್ನು ಬೇರೆಯಾಗಿ ಹೊಲಿದು, ಅದೇ ಬಣ್ಣದ ಬಟ್ಟೆ ಅಂಟಿಸಿ, ತೆಳ್ಳಗಿನ ಕಂತೆ ಮಾಡಿ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾವು ಅದಕ್ಕೆ ಬಾಲ ಎನ್ನುತ್ತಿದ್ದೆವು. ದೊಡ್ಡವರು ಕೇಳಿದರೆ ತಲೆ ಬಾಲ ಸೇರಿಸಿಯೇ ಕೊಡುತ್ತಿದ್ದರು. ನಮ್ಮ ವಯಸ್ಸಿನವರಿಗೆ ಮಾತ್ರ ಬರೀ ತಲೆ. ಅದನ್ನು ಓದಿಕೊಂಡು ಶನಿವಾರ ಸಂಜೆ ಬರಬೇಕು. ಎಲ್ಲರೂ ಚಾಪೆಯ ಮೇಲೆ ಕೂತಿರುತ್ತಾರೆ. ಬಾಗಿಲ ಹತ್ತಿರ ನಿಂತು ಕಥೆ ಎಲ್ಲಿ ನಿಂತಿತೋ ಅಲ್ಲಿಯವರೆಗೆ ಹೇಳಿ, ಆಮೇಲೆ ಏನಾಗಬೇಕು ಎಂದು ನಾವೇ ಹೇಳಬೇಕು. ಸಾರ್ ಅಂಟು ಕದಡುತ್ತಾ "ಯಾಕೆ?" ಎನ್ನುತ್ತಾರೆ. ಹೇಳಿದರೆ ಮತ್ತೆ "ಯಾಕೆ?" ಚಾಪೆಯ ಮೇಲಿನವರೂ ಕೆಣಕುತ್ತಾರೆ. ಎಲ್ಲರಿಗೂ ಸರಿ ಅನ್ನಿಸಿದ ಮೇಲೆ ಡ್ರಾಯರು. ಬಾಲವನ್ನು ಅಲ್ಲೇ ಕೂತು ಓದಿ ವಾಪಸು ಕೊಡಬೇಕು, ಅದರಲ್ಲಿ ಏನಿತ್ತೆಂದು ಹೊರಗೆ ಬಾಯಿ ಬಿಡಬಾರದು. ಎಂಥ ತರಲೆ ಹುಡುಗರೂ ಈ ಕೊನೆಯ ಮಾತೊಂದನ್ನು ಮುರಿಯುತ್ತಿರಲಿಲ್ಲ. ತಾನು ಪಟ್ಟ ಪಾಡು ಇನ್ನೊಬ್ಬ ಯಾಕೆ ತಪ್ಪಿಸಿಕೊಳ್ಳಬೇಕು ಎಂಬ ಹೊಟ್ಟೆಕಿಚ್ಚೇ ಅದಕ್ಕೆ ಕಾರಣ.

ನಾನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಮನೆಯಲ್ಲಿ ಮದುವೆ ಮಾತು ಬಂತು. ಹುಡುಗ ಹೊರಗಿನವನಲ್ಲ, ಹೇರೋಹಳ್ಳಿಯ ನನ್ನ ಸೋದರಮಾವ, ಅಮ್ಮನ ಕೊನೆಯ ತಮ್ಮ. ನಮ್ಮ ಕಡೆ ಅದು ಹುಟ್ಟಿದಾಗಲೇ ಆಗಿಹೋದ ಮಾತು. ಮಾವ ಕೆಟ್ಟವನಲ್ಲ. ಹೊಲ, ಎತ್ತು, ತೋಟದ ಬಾವಿ ಎಲ್ಲ ಇತ್ತು. ಆದರೆ ಪರೀಕ್ಷೆಗೆ ಮುಂಚೆಯೇ ಸ್ಕೂಲು ಬಿಡಿಸಿ ಧಾರೆ ಎರೆಯುವುದೆಂದು ಮಾತಾಗಿತ್ತು. ಮಿಲ್ಲಿಗೆ ರಜಾ ಹಾಕಿ, ಮಲ್ಲೇಶ್ವರದವರೆಗೆ ನಡೆಸಿಕೊಂಡು ಹೋಗಿ ಹೈಸ್ಕೂಲಿಗೆ ಸೇರಿಸಿದವರು ಅಪ್ಪನೇ. ಈಗ ಬಿಡಿಸುತ್ತೇನೆ ಎನ್ನುವವರೂ ಅಪ್ಪನೇ. ನಾನು ಅಮ್ಮನ ಜೊತೆ ನಿಜವಾಗಿಯೂ ಜಗಳವಾಡಿದೆ. ಅಪ್ಪನ ಎದುರಿಗೆ ನಿಂತು ಮಾತಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ವಾರ ಅಂಟು ಸಾರ್ ನನಗೆ ನೀಲಿ ಬಟ್ಟೆಯ ರಟ್ಟಿನ ಒಂದು ಹಳೆಯ ಕಾದಂಬರಿ ಕೊಟ್ಟರು. ಅದರಲ್ಲೂ ನನ್ನ ಹಾಗೇ ಒಬ್ಬಳು ಹುಡುಗಿ. ಓದುವ ಆಸೆ. ಅವಳಪ್ಪ ದೊಡ್ಡ ಜಮೀನ್ದಾರರ ಮನೆಗೆ ಮಾತು ಕೊಟ್ಟುಬಿಟ್ಟಿದ್ದಾನೆ. ನಿಶ್ಚಿತಾರ್ಥದ ದಿನ ಬೆಳಿಗ್ಗೆ ಬೀಗರು ಬಂದು ಹಜಾರದಲ್ಲಿ ಕೂತಿದ್ದಾರೆ, ಹುಡುಗಿ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾಳೆ, ಅವಳಮ್ಮ ಒಳಗಿನಿಂದ ಕರೆಯುತ್ತಾಳೆ. ಅಲ್ಲಿಗೆ ತಲೆ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು ನನಗೆ. ಆ ಹುಡುಗಿ ಏನು ಮಾಡಿದಳೆಂದು ತಿಳಿದರೆ ನಾನೂ ಅದನ್ನೇ ಮಾಡಬಹುದು ಎಂದು ನಂಬಿಬಿಟ್ಟಿದ್ದೆ.

ಶನಿವಾರ ಎದ್ದು ನಿಂತು ಒಂದೇ ಉಸಿರಿಗೆ ಹೇಳಿದೆ. ಹುಡುಗಿ ಹಿತ್ತಲ ಬಾಗಿಲಿನಿಂದ ಹೊರಬಿದ್ದಳು, ಬೆಳಗಿನ ರೈಲು ಹತ್ತಿದಳು, ಪಟ್ಟಣದಲ್ಲಿದ್ದ ತನ್ನ ಟೀಚರ್ ಮನೆಗೆ ಹೋಗಿ ಓದಿಕೊಂಡಳು. ಹುಡುಗಿಯರೆಲ್ಲ ಸರಿ ಎಂದರು. ಜಗಲಿಯ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಸೌದೆ ಡಿಪೋದ ಯಜಮಾನರು, ಸಂಘದ ಕಾರ್ಯದರ್ಶಿಯೂ ಅವರೇ, ಪೇಪರ್ ಇಳಿಸಿ ನನ್ನನ್ನು ನೋಡಿದರು. ನಾನು ಡ್ರಾಯರನ್ನೇ ನೋಡುತ್ತಿದ್ದೆ. ಅಂಟು ಸಾರ್ ಬೆರಳು ಒರೆಸಿಕೊಂಡು ಕೇಳಿದರು:

"ಎಲ್ಲ ಸರಿ ಕಣಮ್ಮ. ಆ ಹುಡುಗಿ ಅಪ್ಪ ಎಲ್ಲೋದ?"

ಅವನ ಸುದ್ದಿ ಯಾಕೆ ಸಾರ್ ಎಂದೆ. ಹಜಾರದಲ್ಲಿ ಕೂತಿರುವವನು ಅವನು, ಮಗಳು ರೈಲು ಹತ್ತಿದ ಮೇಲೆ ಅವನು ಏನು ಮಾಡಿದ ಎಂದು ಹೇಳದಿದ್ದರೆ ಕಥೆ ಮುಗಿಯುವುದಿಲ್ಲ, ಮುಂದಿನ ಶನಿವಾರ ಯೋಚನೆ ಮಾಡಿಕೊಂಡು ಬಾ ಎಂದರು. ಡ್ರಾಯರು ತೆರೆಯಲಿಲ್ಲ. ನನಗೆ ಅಳುವೇ ಬಂತು.

ಮುಂದಿನ ಶನಿವಾರ ನಾನು ಹೋಗಲೇ ಇಲ್ಲ. ಡಿಪೋದ ಯಜಮಾನರು ಅಪ್ಪನಿಗೆ ಸೌದೆ ತೂಗಿಸಿಕೊಡುತ್ತಾ, ನಿಮ್ಮ ಮಗಳು ಲಗ್ನ ಬೇಡ, ಮನೆ ಬಿಟ್ಟು ಓಡಿಹೋಗಬೇಕು ಅಂತ ಹತ್ತು ಜನದ ಮುಂದೆ ಭಾಷಣ ಮಾಡುತ್ತಾಳೆ ಎಂದು ಊದಿದ್ದರು. ಅಪ್ಪ ಮನೆಗೆ ಬಂದು ಕೂಗಾಡಲಿಲ್ಲ. ಇನ್ನು ಮೇಲೆ ಲೈಬ್ರರಿ ಕಡೆ ತಲೆ ಹಾಕಬೇಡ ಎಂದರು, ಸ್ಕೂಲಿಗೂ ಈ ತಿಂಗಳೇ ಕೊನೆ ಎಂದರು, ಊಟಕ್ಕೆ ಕೂತರು. ಆ ನೀಲಿ ಪುಸ್ತಕ ನನ್ನ ಚೀಲದಲ್ಲೇ ಉಳಿಯಿತು.

ಒಂದು ಭಾನುವಾರ ಅಂಟು ಸಾರ್ ನಮ್ಮ ಮನೆಗೇ ಬಂದರು. ಕೊಡೆ ಮಡಚಿ ಬಾಗಿಲಲ್ಲಿ ನಿಂತವರನ್ನು ಕಂಡು ನನಗೆ ಹೋದ ಜೀವ ಬಂದ ಹಾಗಾಯಿತು. ಅಡುಗೆಮನೆಯ ಬಾಗಿಲ ಹಿಂದೆ ಕಿವಿ ಕೊಟ್ಟು ನಿಂತೆ. ಅಪ್ಪನಿಗೆ ಬುದ್ಧಿ ಹೇಳುತ್ತಾರೆ, ಹುಡುಗಿ ಚೆನ್ನಾಗಿ ಓದುತ್ತಾಳೆ ಬಿಡಿಸಬೇಡಿ ಎನ್ನುತ್ತಾರೆ ಎಂದು ಕಾದೆ. ಅವರು ಅಪ್ಪ ತೋರಿಸಿದ ಚಾಪೆಯ ಮೇಲೆ ಕೂತು, "ಏನಿಲ್ಲ ಮೇಸ್ತ್ರೀ, ನಮ್ದೊಂದು ಪುಸ್ತಕ ಇಲ್ಲಿ ಉಳ್ಕೊಂಡಿದೆ, ತಗೊಂಡೋಗಣ ಅಂತ ಬಂದೆ" ಎಂದರು.

ಪುಸ್ತಕ! ನನ್ನ ಬಾಳು ಮೂರಾಬಟ್ಟೆಯಾಗುತ್ತಿದೆ, ಈ ಮನುಷ್ಯನಿಗೆ ಅವರ ಪುಸ್ತಕದ ಚಿಂತೆ. ಅಮ್ಮನ ಕೈಯಲ್ಲಿ ಅದನ್ನು ಕಳಿಸಿದೆ. ನಾನು ಹೊರಗೆ ಬರಲಿಲ್ಲ.

ಅಪ್ಪ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, ಇದರಲ್ಲಿ ಅಂಥದ್ದೇನಿದೆ, ನಮ್ಮ ಹುಡುಗಿ ತಲೆ ಕೆಡಿಸುವಂಥದ್ದು ಎಂದು ಗಡುಸಾಗಿಯೇ ಕೇಳಿದರು. ಅಂಟು ಸಾರ್ ಕಾಫಿ ಕುಡಿಯುತ್ತಾ ಕಥೆ ಹೇಳಲು ಶುರುಮಾಡಿದರು. ಅವರು ಕಥೆ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಹುಡುಗಿಯ ಅಪ್ಪನಿಂದ ಶುರುಮಾಡಿದರು. ಅವನಿಗೆ ಓದಲು ಬರದು, ಮಗಳು ಓದಿ ಹೇಳಿದರೆ ಕೇಳುತ್ತಾ ಕೂರುತ್ತಿದ್ದ, ಅವಳು ಮಿಡ್ಲ್ ಸ್ಕೂಲು ಪಾಸಾದ ದಿನ ಸಂತೆಯಲ್ಲಿ ಕುರಿ ಮಾರಿ ಒಂದು ಪೆನ್ನು ತಂದುಕೊಟ್ಟ. ನಾನು ಆ ಪೆನ್ನಿನ ಪುಟವನ್ನು ಸರ್ರನೆ ದಾಟಿ ಹೋಗಿದ್ದೆ. ಅಪ್ಪ ಬೀಡಿ ಹಚ್ಚುವುದನ್ನು ಮರೆತು ಕೇಳುತ್ತಿದ್ದರು. ಬೀಗರು ಬಂದರು, ಹಜಾರದಲ್ಲಿ ಕೂತರು, ಅಮ್ಮ ಒಳಗಿನಿಂದ ಕರೆದಳು. ಸಾರ್ ಲೋಟ ಕೆಳಗಿಟ್ಟರು.

"ಆಮೇಲೆ?" ಎಂದರು ಅಪ್ಪ.

"ಅದು ನಮ್ ಡ್ರಾಯರಲ್ಲಿದೆ. ನೀವು ಹೇಳಿದ್ರೆ ಕೊಡ್ತೀನಿ. ಶನಿವಾರ ಬನ್ನಿ" ಎಂದು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ನನ್ನ ಬಗ್ಗೆ ಒಂದು ಮಾತು, ದೇವರಾಣೆಗೂ ಒಂದೇ ಒಂದು ಮಾತು ಆಡಲಿಲ್ಲ. ಅವರ ಲೋಟ ತೊಳೆಯುವಾಗ ಕಲ್ಲಿಗೆ ಕುಕ್ಕಿ ಸೊಟ್ಟ ಮಾಡಿದೆ.

ಅಪ್ಪನಿಗೆ ನಿದ್ದೆ ಕೆಟ್ಟಿತು. ಊಟದ ಹೊತ್ತಿಗೆ ಅಮ್ಮನನ್ನು ಕೇಳಿದರು, ಆ ಹುಡುಗಿ ಏನು ಮಾಡಿರಬಹುದು ಎಂದು. ಅಮ್ಮ ಮುದ್ದೆ ಇಡುತ್ತಾ, "ಆ ಹುಡುಗೀನೇ ಕೇಳ್ಬೇಕಾಗಿತ್ತು" ಎಂದಳು. ನನ್ನಮ್ಮ ಅಷ್ಟು ಉದ್ದದ ಮಾತನ್ನು ಅಪ್ಪನಿಗೆ ಎದುರಾಗಿ ಆಡಿದ್ದು ಅದೇ ಮೊದಲು.

ಶನಿವಾರ ಅಪ್ಪ ಮಿಲ್ಲಿನಿಂದ ಬಂದವರೇ ಮುಖ ತೊಳೆದು, ಮದುವೆ ಮುಂಜಿಗೆ ಸುತ್ತುವ ರುಮಾಲು ಸುತ್ತಿಕೊಂಡರು. ನನ್ನನ್ನೂ ಹೊರಡಿಸಿದರು, ಹೆಸರುಗಳು ಮರೆತರೆ ಹೇಳಿಕೊಡುವುದಕ್ಕೆ. ಬಾಗಿಲ ಹತ್ತಿರ ನಿಂತು, ಮಿಲ್ಲಿನಲ್ಲಿ ಹುಕುಂ ಕೊಡುವ ದನಿಯಲ್ಲಿ ಹೇಳಿದರು. ಹುಡುಗಿ ಎದ್ದಳು, ಮುಖ ತೊಳೆದಳು, ಬಂದು ಮಣೆಯ ಮೇಲೆ ಕೂತು ಕುಂಕುಮ ಇಡಿಸಿಕೊಂಡಳು, ಮದುವೆಯಾಗಿ ಬರುವ ದೀಪಾವಳಿಗೆ ತೊಟ್ಟಿಲು ತೂಗಿದಳು, ಎಲ್ಲ ಸುಖವಾಗಿದ್ದರು. ಹೇಳಿ ಡ್ರಾಯರಿನ ಕಡೆ ಕೈ ಚಾಚಿದರು.

"ಯಾಕೆ?" ಎಂದರು ಅಂಟು ಸಾರ್.

"ಯಾಕೆ ಅಂದ್ರೆ? ಅಪ್ಪ ಹೇಳ್ದ, ಕೂತ್ಕೊಂಡ್ಳು."

ಚಾಪೆಯ ಮೇಲಿದ್ದ ಒಬ್ಬಳು ಹುಡುಗಿ, ಮಣೆಯ ಮೇಲೆ ಕೂರಿಸುವುದಾಗಿದ್ದರೆ ಪೆನ್ನು ಯಾಕೆ ತಂದುಕೊಟ್ಟ ಎಂದು ಮೆಲ್ಲಗೆ ಕೇಳಿದಳು. ಅಪ್ಪ ರುಮಾಲು ಸರಿಮಾಡಿಕೊಂಡರು. ಪೆನ್ನು ಬೇರೆ, ಮದುವೆ ಬೇರೆ ಎಂದರು. ಸಾರ್ ಮತ್ತೆ "ಯಾಕೆ?" ಎಂದರು. ಅಪ್ಪನಿಗೆ ರೇಗಿ, ನಿಮ್ಮ ಪುಸ್ತಕ ನೀವೇ ಇಟ್ಟುಕೊಳ್ಳಿ ಎಂದು ದಡದಡ ಇಳಿದು ನಡೆದರು. ನನಗೆ ಆ ಹೊತ್ತಿನಲ್ಲಿ ಅಪ್ಪನನ್ನು ನೋಡಿ ಅಯ್ಯೋ ಅನ್ನಿಸಿತು. ಅವರು ಪಡುತ್ತಿದ್ದ ಸಂಕಟ ನನಗೆ ಚೆನ್ನಾಗಿ ಗೊತ್ತಿದ್ದದ್ದೇ.

ಆದರೆ ಮುಂದಿನ ಶನಿವಾರವೂ ಹೋದರು. ಅದರ ಮುಂದಿನದೂ. ಪ್ರತಿ ಸಲವೂ ಒಂದೊಂದು ಬದಲಾವಣೆ. ವರನನ್ನು ಒಳ್ಳೆಯವನನ್ನಾಗಿ ಮಾಡಿದರು, ಅಜ್ಜಿಗೆ ಕಾಯಿಲೆ ತರಿಸಿದರು, ಪೆನ್ನನ್ನು ಬಾವಿಗೆ ಬೀಳಿಸಿದರು. ಯಾವುದೂ ನಿಲ್ಲಲಿಲ್ಲ. ಈ ಗಲಾಟೆಯಲ್ಲಿ ನನ್ನ ಸ್ಕೂಲು ಬಿಡಿಸುವ ತಿಂಗಳು ಹಾಗೇ ಕಳೆದುಹೋಯಿತು, ಯಾರೂ ಆ ಮಾತೆತ್ತಲಿಲ್ಲ. ಕೊನೆಗೆ ಹೇರೋಹಳ್ಳಿಯಿಂದ ಮಾವನೇ ಬಂದ, ದಿನ ಗೊತ್ತು ಮಾಡಲು. ಅಪ್ಪ ಅವನನ್ನೂ ಕೂರಿಸಿಕೊಂಡು ಇಡೀ ಕಥೆ ಹೇಳಿದರು. ಬೀಗರು ಬಂದರು, ಅಮ್ಮ ಕರೆದಳು, ಅಲ್ಲಿಗೆ ನಿಲ್ಲಿಸಿ ಮಾವನ ಮುಖ ನೋಡಿದರು.

"ನಂಗ್ಯಾಕೆ ಭಾವ ಅದೆಲ್ಲ" ಎಂದ ಮಾವ, "ದಿನ ಯಾವತ್ತು ಅಂತ ಹೇಳು."

ಅಪ್ಪ ಬೀಡಿ ಹಚ್ಚಿಕೊಂಡರು. ಪಂಚಾಂಗ ಸಿಗಲಿಲ್ಲ ಎಂದು ಹೇಳಿ ಕಳಿಸಿದರು. ಪಂಚಾಂಗ ಗೋಡೆಗೆ ನೇತುಹಾಕಿತ್ತು. ಆಮೇಲೇನಾಯಿತು ಎಂದು ಕೇಳದ ಗಂಡಸು ಎಂಥ ಗಂಡಸೋ ಎಂದು ಅಮ್ಮನ ಮುಂದೆ ಗೊಣಗಿಕೊಂಡರು. ತಮ್ಮನ ಮೇಲೆ ಬಂದ ಮಾತಾದರೂ ಅಮ್ಮ ಅವರಿಗೆ ಕಾಫಿ ತಂದುಕೊಟ್ಟಳು.

ಆ ಶನಿವಾರ ಅಪ್ಪ ರುಮಾಲು ಸುತ್ತಲಿಲ್ಲ. ಮಿಲ್ಲಿನ ಖಾಕಿ ಅಂಗಿಯಲ್ಲೇ ಬಂದು, ನೆಲ ನೋಡುತ್ತಾ ಹೇಳಿದರು: "ಅಪ್ಪ ಎದ್ದು ಹಿತ್ಲಿಗೋದ. ಮಗಳು ಕಲ್ಲಿನ್ ಮೇಲೆ ಕೂತಿದ್ಳು. ಏನೂ ಮಾತಾಡ್ಲಿಲ್ಲ. ವಾಪಸ್ ಬಂದು ಬೀಗರಿಗೆ ಕಾಫಿ ಕೊಟ್ಟು, ಪರೀಕ್ಷೆ ಆಗ್ಲಿ, ಆಮೇಲೆ ಅವಳ್ನೇ ಕೇಳಿ ನೋಡಣ ಅಂತ ಕಳಿಸ್ದ. ಅಷ್ಟೇ ಕಣಪ್ಪ."

"ಯಾಕೆ?"

"ಪೆನ್ನು ತಂದೋನು ಅವ್ನೇ ಅಲ್ವಾ."

ಯಾರೂ ಕೆಣಕಲಿಲ್ಲ. ಜಗಲಿಯಿಂದ ಡಿಪೋದ ಯಜಮಾನರು ತಲೆ ಹಾಕಿ, ಹಾಗಾದರೆ ಹೇರೋಹಳ್ಳಿ ಸಂಬಂಧ ಏನಾಯಿತು ಮೇಸ್ತ್ರೀ ಎಂದರು. ಪರೀಕ್ಷೆ ಆಗಲಿ ಎಂದು ಈಗ ತಾನೇ ಹೇಳಿದೆನಲ್ಲ, ಕಿವಿ ಕೇಳಿಸುವುದಿಲ್ಲವಾ ಎಂದು ಅಪ್ಪ ಗದರಿದರು. ಅಷ್ಟು ಜನರ ಮುಂದೆ ಆ ಮಾತು ಅಪ್ಪನ ಬಾಯಿಂದ ಬಂದುಹೋಯಿತು. ಅಂಟು ಸಾರ್ ಡ್ರಾಯರು ಎಳೆದು ನೀಲಿ ಬಾಲವನ್ನು ಅಪ್ಪನ ಕೈಗೆ ಕೊಟ್ಟರು.

ಅಪ್ಪ ದೀಪದ ಕೆಳಗೆ ನಮಗೆ ಬೆನ್ನು ಮಾಡಿ, ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದರು. ಮುಗಿಸಿ ಅಂಟು ಸಾರ್ ಮುಖವನ್ನು ದುರುಗುಟ್ಟಿ ನೋಡಿದರು. ಸಾರ್ ಅಂಟು ಕದಡುತ್ತಿದ್ದರು. ಅಪ್ಪ ಬಾಲವನ್ನು ತಾವೇ ಡ್ರಾಯರಿಗೆ ಹಾಕಿ, ದಬ್ಬನೆ ಮುಚ್ಚಿ ಹೊರಟರು.

ದಾರಿಯುದ್ದಕ್ಕೂ ಗೋಗರೆದೆ. ಹೇಳುವ ಹಾಗಿಲ್ಲ, ಅಲ್ಲಿಯ ನಿಯಮ ನಿನಗೆ ಗೊತ್ತಲ್ಲ ಎಂದರು. ಸ್ಕೂಲು ಉಳಿಯಿತೆಂಬ ಸಂತೋಷಕ್ಕಿಂತ ಆ ಉರಿಯೇ ಹೆಚ್ಚಾಯಿತು. ಪುಸ್ತಕ ನನ್ನದು, ಸಂಕಟ ನನ್ನದು, ಬಾಲ ಮಾತ್ರ ಅಪ್ಪನಿಗೆ! ಮಾರನೆಯ ದಿನ ಅಂಟು ಸಾರ್ ಮುಂದೆ ನಿಂತು ಕೇಳಿಯೇಬಿಟ್ಟೆ. ಅಪ್ಪನ ಭಾಗ ಅಪ್ಪನೇ ಹೇಳಿ ಆಯಿತಲ್ಲ, ನನಗೂ ಕೊಡಿ ಎಂದು. ನೀನು ಹಿತ್ತಲ ಬಾಗಿಲಲ್ಲಿ ಓಡಿಹೋದೆ, ಅವರು ಹಿತ್ತಲಿಗೆ ಬಂದು ನೋಡಿದಾಗ ನೀನು ಅಲ್ಲೇ ಇದ್ದೆ, ಎರಡೂ ಕೂಡುವುದಿಲ್ಲ, ಕೂಡಿಸಿಕೊಂಡು ಬಾ ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಇನ್ನು ಜನ್ಮದಲ್ಲಿ ಕೇಳುವುದಿಲ್ಲ ಎಂದುಕೊಂಡೆ. ಹಟಕ್ಕೆ ಓದಿ ಪಾಸಾದೆ. ಅಪ್ಪ ಕೇಳಿದರು, ನಾನು ಮದುವೆ ಈಗ ಬೇಡ, ಟೀಚರ್ ಟ್ರೈನಿಂಗಿಗೆ ಹೋಗುತ್ತೇನೆ ಎಂದೆ. ಮಾವ ತಾವರೆಕೆರೆ ಕಡೆಯ ಹುಡುಗಿಯನ್ನು ತಂದ.

ಪಾಸಾದ ಸುದ್ದಿ ಹೇಳಲು ನಾನು ಲೈಬ್ರರಿಗೆ ಹೋದಾಗಲೂ ಅವರು ಭೇಷ್ ಎನ್ನಲಿಲ್ಲ. ಈ ವಾರ ಯಾರ ಜೊತೆ ಜಗಳ ಆಡಿದೆ ಎಂದರು. ಶ್ರಾವಣದಲ್ಲಿ ಜ್ವರ ಎಂದು ಮಲಗಿದವರು ಏಳಲಿಲ್ಲ. ಹೆಣದ ಮುಂದೆ ಕೂತಾಗ ಅವರ ಮಡಚಿದ ಕೈಯ ನೀಲಿ ಉಗುರು ಕಾಣುತ್ತಿತ್ತು. ಅಳು ಬಂತು, ಆದರೆ ಅದರೊಳಗೂ ಸಿಟ್ಟಿತ್ತು. ಇನ್ನು ಯಾರನ್ನು ಕೇಳಲಿ?

ಡ್ರಾಯರು ತೆರೆದಾಗ ಸಂಘದವರು ತಲೆಯ ಮೇಲೆ ಕೈಹೊತ್ತು ಕೂತರು. ಬಾಲಗಳ ರಾಶಿ, ಯಾವುದಕ್ಕೂ ಹೆಸರಿಲ್ಲ, ಒಂದೇ ಬಣ್ಣದವು ಎಷ್ಟೋ. ಎಲ್ಲ ಹೊಂದಿಸಿ ಹೊಲಿದು ಪುಸ್ತಕ ಪೂರ್ತಿ ಮಾಡಿಕೊಡಿ ಎಂದು ಡಿಪೋದ ಯಜಮಾನರು ನಮ್ಮನ್ನು ಕರೆಸಿದರು. ನಾನು ಕೂತು ಹೊಂದಿಸಿದೆ. ನೀಲಿಯದು ಕೈಗೆ ಬಂದಾಗ ಎದ್ದು ದೀಪದ ಕೆಳಗೆ ಹೋದೆ. ನಿಂತಲ್ಲೇ ಓದಿದೆ.

ಹುಡುಗಿ ಎದ್ದಳು, ಮುಖ ತೊಳೆದಳು, ಮಣೆಯ ಮೇಲೆ ಕೂತು ಕುಂಕುಮ ಇಡಿಸಿಕೊಂಡಳು. ಮದುವೆಯಾಯಿತು. ವರ್ಷದೊಳಗೆ ತೊಟ್ಟಿಲು. ಎಲ್ಲ ಸುಖವಾಗಿದ್ದರು. ಪೆನ್ನಿನ ಮಾತೇ ಇಲ್ಲ. ಅಪ್ಪ ಮೊದಲನೆಯ ಶನಿವಾರ ಹೇಳಿದ್ದು ಹೆಚ್ಚೂಕಮ್ಮಿ ಅದನ್ನೇ. ಅದು ಗೊತ್ತಿದ್ದೂ ಈ ಮುದುಕ ಏನೂ ಅರಿಯದವರ ಹಾಗೆ ಅಂಟು ಕದಡುತ್ತಾ ಯಾಕೆ ಯಾಕೆ ಎಂದು ಕೇಳಿದ್ದರು.

ಓಡಿಕೊಂಡು ಮನೆಗೆ ಬಂದೆ. ಅಪ್ಪ ಊಟಕ್ಕೆ ಕೂತಿದ್ದರು.

"ನೀನು ಹೇಳಿದ್ದೇ ಇತ್ತಲ್ಲಪ್ಪ ಪುಸ್ತಕದಲ್ಲಿ. ನಿಂಗೆ ಗೊತ್ತಿತ್ತಲ್ಲ."

"ಗೊತ್ತಿತ್ತು."

"ಮತ್ಯಾಕೆ ಸುಮ್ನಿದ್ದೆ? ಅವತ್ತೇ ಅವರ್ ಮುಖಕ್ಕೆ ಹೇಳ್ಬೋದಿತ್ತು."

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದರು. "ಬರೆದೋನು ಬರ್ಕೊಂಡ. ಅವ್ನು ನಿನ್ನ ನೋಡಿದ್ನಾ?" ಎಂದರು. ಮತ್ತೆ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ.

ಆ ವಾರವೆಲ್ಲ ಕೂತು ಒಂದೊಂದೇ ಪುಸ್ತಕಕ್ಕೆ ಬಾಲ ಹೊಲಿದೆ. ಅವರು ಕಲಿಸಿದ ಹಾಗೇ, ದಾರಕ್ಕೆ ಮೇಣ ಸವರಿ, ಬೆರಳಲ್ಲೇ ಅಂಟು ಹಚ್ಚಿ. ನೀಲಿಯದನ್ನು ಮಾತ್ರ ಹೊಲಿಯಲಿಲ್ಲ. ಡ್ರಾಯರಿಗೆ ಹಾಕಿ ಬೀಗ ಜಡಿದೆ. ಲೆಕ್ಕ ನೋಡಲು ಬಂದ ಡಿಪೋದ ಯಜಮಾನರು ಬೀರುವಿನ ಮುಂದೆ ಕೂತು ಆ ಪುಸ್ತಕ ತೆಗೆದು ತಿರುವತೊಡಗಿದರು. ಅಷ್ಟೆಲ್ಲ ಗಲಾಟೆಗೆ ಕಾರಣವಾದದ್ದು ಇದೇ ಅಲ್ಲವೇ ಎಂದವರು ಓದುತ್ತಾ ಓದುತ್ತಾ ಸಂಜೆ ಮಾಡಿದರು. ಕೊನೆಯ ಹಾಳೆಗೆ ಬಂದು ತಲೆ ಎತ್ತಿದರು.

"ಅಮ್ಮ ಕರೆದ್ಲು. ಆಮೇಲೆ? ಇದಕ್ಕೆ ಬಾಲ ಇಲ್ವೇನಮ್ಮ?"

"ಇದೆ ಸಾರ್" ಎಂದೆ. "ನೀವೇ ಹೇಳಿ, ಕೊಡ್ತೀನಿ."

ದೊಡ್ಡವರಿಗೆ ಈ ನಿಯಮ ಇರಲಿಲ್ಲ, ಇದು ಸಂಘದ ಪುಸ್ತಕ, ನಾನು ಕಾರ್ಯದರ್ಶಿ ಎಂದೆಲ್ಲ ಬೈದುಕೊಂಡು ಹೋದರು. ಮುಂದಿನ ಶನಿವಾರ ಬಂದರು.